ಹಳೇ ಮರದ ಪ್ರೆಸ್‌ನಲ್ಲಿ ಸೇಬಿನ ಸೈಡರ್ ತೆಗೆದೆವು: ಕೇಳೋರು ಕೇಳಿ, ಗೊತ್ತಿರೋರು ಹೇಳಿ

ಆಲೆಮನೆ_ಇಥಾಕಾ | ಅಕ್ಟೋಬರ್ 14

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ಹನ್ನೊಂದು ವರ್ಷದಿಂದ ನ್ಯೂಯಾರ್ಕ್ ರಾಜ್ಯದ ಇಥಾಕಾ ಹತ್ತಿರ ಇದ್ದೇನೆ. ಮೊನ್ನೆ ಶನಿವಾರ ಸೈಡರ್ ತೆಗೆದೆವು. ಕೈ ಇನ್ನೂ ಅಂಟಂಟಾಗಿದೆ ಅನ್ನಿಸುವಷ್ಟು ಹೊಸ ನೆನಪು. ಮರೆಯುವ ಮುಂಚೆ ಬರೆದಿಡೋಣ ಅಂತ. ಸ್ವಲ್ಪ ಉದ್ದವಾಗಬಹುದು.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಸೈಡರ್ ಅಂದರೆ ಸೋಸದ ತಾಜಾ ಸೇಬಿನ ರಸ. ಅದು ಹುದುಗಿ ಮದ್ಯವಾದರೆ ಹಾರ್ಡ್ ಸೈಡರ್. ಇಂಗ್ಲೆಂಡಿನಲ್ಲಿ ಸೈಡರ್ ಅಂದರೇ ಮದ್ಯ. ನಾವು ತೆಗೆದದ್ದು ರಸ. ಮನೆಮಂದಿಯೆಲ್ಲ ಕುಡಿಯುವಂಥದ್ದು.

ನಮ್ಮ ರಸ್ತೆಯ ಕೊನೆಯಲ್ಲಿರುವ ಅಜ್ಜನ ಕೊಟ್ಟಿಗೆಯಲ್ಲಿ ಅವರ ತಾತನ ಕಾಲದ ಪ್ರೆಸ್ ಇದೆ. ಓಕ್ ಮರದ ಚೌಕಟ್ಟು. ಮೇಲೆ ಹಣ್ಣು ಅರೆಯುವ ಹಲ್ಲಿನ ಉರುಳೆ, ಪಕ್ಕದಲ್ಲಿ ಭಾರದ ಕಬ್ಬಿಣದ ಚಕ್ರ. ಕೈಯಲ್ಲೇ ತಿರುಗಿಸಬೇಕು. ಕೆಳಗೆ ಮರದ ಪಟ್ಟಿ ಜೋಡಿಸಿ ಮಾಡಿದ ಎರಡು ಬುಟ್ಟಿ, ತಳ ಇಲ್ಲದವು. ಒಂದಕ್ಕೆ ಅರೆದ ಹಣ್ಣು ಬೀಳುತ್ತಿರುವಾಗ ಇನ್ನೊಂದು ತಿರುಪಿನ ಕೆಳಗೆ ಇರುತ್ತದೆ. ಈ ಸಲ ಅಪ್ಪ ಅಮ್ಮ ಊರಿಂದ ಬಂದಿದ್ದರು. ಅಪ್ಪ ಅದನ್ನು ಒಂದು ಸುತ್ತು ಹಾಕಿ ನೋಡಿದರು. "ಕೋಣ ಒಂದಿಲ್ಲ ನೋಡು, ಬಾಕಿ ಎಲ್ಲ ಆಲೆಮನೆಯೇ" ಅಂದರು.

ಜನ ಸೈಡರ್ ಅಂದ ಕೂಡಲೇ ಪ್ರೆಸ್ ಬಗ್ಗೆ ಕೇಳುತ್ತಾರೆ. ಐದು ವರ್ಷ ಮಾಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ರಸದ ರುಚಿ ಪ್ರೆಸ್ಸಿಗೆ ಬರುವ ಮೊದಲೇ ತೀರ್ಮಾನ ಆಗಿರುತ್ತದೆ. ಯಾವ ಹಣ್ಣು, ಎಷ್ಟು ದಿನ ಇಟ್ಟದ್ದು, ಯಾವುದಕ್ಕೆ ಯಾವುದು ಸೇರಿಸಿದ್ದು. ಎಲ್ಲ ಅಲ್ಲೇ.

ಹಣ್ಣನ್ನು ಕಿತ್ತ ದಿನವೇ ಹಿಂಡಬಾರದು. ಕೊಟ್ಟಿಗೆಯ ತಂಪಿನಲ್ಲಿ ಒಂದೆರಡು ವಾರ ಇಡಬೇಕು. ಇಲ್ಲಿನವರು ಇದಕ್ಕೆ ಹಣ್ಣು ಬೆವರಬೇಕು ಅನ್ನುತ್ತಾರೆ. ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ, ರಸ ಸಲೀಸಾಗಿ ಬಿಡುತ್ತದೆ. ಅಜ್ಜ ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ಸಣ್ಣ ಗುಳಿ ಬಿದ್ದು ಹಾಗೇ ಉಳಿದರೆ ಸರಿ. ನನಗೆ ಮೊದಮೊದಲು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಹಣ್ಣನ್ನು ಎರಡು ಹೋಳು ಮಾಡಿ ಅಯೋಡಿನ್ ಹಚ್ಚಿ ನೋಡುತ್ತಿದ್ದೆ. ಪಿಷ್ಟ ಇರುವ ಕಡೆ ನೀಲಿ ಕಪ್ಪು ಬಣ್ಣ ಬರುತ್ತದೆ. ಕಪ್ಪು ಕಡಿಮೆ ಇದ್ದಷ್ಟೂ ಹಣ್ಣು ಮಾಗಿದೆ ಅಂತ. ಆ ಹೋಳನ್ನು ಎಸೆದುಬಿಡಬೇಕು, ತಿನ್ನಬಾರದು.

ಆಮೇಲೆ ಬೆರಕೆ. ಒಂದೇ ಜಾತಿಯ ಹಣ್ಣಿನ ರಸ ಒಂದು ಲೋಟ ಕುಡಿಯುವಷ್ಟರಲ್ಲಿ ಸಪ್ಪೆ ಅನ್ನಿಸುತ್ತದೆ. ಈ ಸಲ ಅರ್ಧದಷ್ಟು ಮ್ಯಾಕಿಂಟಾಶ್ ಮತ್ತು ಕಾರ್ಟ್‌ಲ್ಯಾಂಡ್ ಇತ್ತು. ಘಮ ಇವುಗಳಿಂದ. ಹುಳಿಗೆ ನಾರ್ದರ್ನ್ ಸ್ಪೈ. ಗಟ್ಟಿ ಸಿಹಿಗೆ ಗೋಲ್ಡನ್ ರಸೆಟ್. ರಸೆಟ್ ಹಣ್ಣನ್ನು ನೋಡಿದರೆ ಯಾರೂ ಕೊಳ್ಳುವುದಿಲ್ಲ. ಸಿಪ್ಪೆ ಚಿಕ್ಕು ಹಣ್ಣಿನ ಥರ ಒರಟು, ಕಂದು. ಗಾತ್ರವೂ ಚಿಕ್ಕದು. ಆದರೆ ಕಚ್ಚಿದರೆ ಜೇನಿನಷ್ಟು ಸಿಹಿ, ಹಿಂದೆಯೇ ಒಂದು ಚುರುಕು ಹುಳಿ. ಅಂಗಡಿಯ ಹೊಳೆಯುವ ಕೆಂಪು ಸೇಬು ಇದರ ಹತ್ತಿರವೂ ಬರುವುದಿಲ್ಲ.

ಪ್ರೆಸ್ಸನ್ನು ಹಿಂದಿನ ದಿನವೇ ನೀರು ಹಾಕಿ ನೆನೆಸಬೇಕು. ವರ್ಷವಿಡೀ ಒಣಗಿದ ಮರ ಸಂದು ಬಿಟ್ಟಿರುತ್ತದೆ. ನೆನೆದರೆ ಊದಿಕೊಂಡು ಕೂಡಿಕೊಳ್ಳುತ್ತದೆ. ಮರ ರಸವನ್ನು ಕುಡಿಯುವುದೂ ತಪ್ಪುತ್ತದೆ.

ಬೆಳಿಗ್ಗೆ ಎಂಟಕ್ಕೆ ಶುರು. ಎರಡು ದೊಡ್ಡ ತೊಟ್ಟಿಯಲ್ಲಿ ಹಣ್ಣು ತೊಳೆದೆವು. ಅಮ್ಮ, ಮತ್ತೆ ಪಕ್ಕದ ಮನೆಯ ಇಬ್ಬರು ಹೆಂಗಸರು ಕೂತು ಕೊಳೆತದ್ದು, ಹುಳ ಬಿದ್ದದ್ದು ಆರಿಸಿದರು. ಭಾಷೆ ಒಬ್ಬರದು ಒಬ್ಬರಿಗೆ ಬರುವುದಿಲ್ಲ, ಆದರೂ ಯಾವ ಹಣ್ಣು ಬೇಡ ಅಂತ ಮೂವರಿಗೂ ಗೊತ್ತು. ಸಿಪ್ಪೆ ತೆಗೆಯುವುದಿಲ್ಲ, ಬೀಜ ತೆಗೆಯುವುದಿಲ್ಲ, ಇಡೀ ಹಣ್ಣೇ ಹಾಕುವುದು. ಚಕ್ರ ತಿರುಗಿಸಲು ಹುಡುಗರ ಪಾಳಿ. ಅರೆದದ್ದು ಒರಳಲ್ಲಿ ತರಿತರಿಯಾಗಿ ರುಬ್ಬಿದ ಹಾಗೆ ಬೀಳುತ್ತದೆ. ಬೀಳುವಾಗ ಬಿಳಿ, ಒಂದೆರಡು ನಿಮಿಷಕ್ಕೆ ಕಂದು. ಬುಟ್ಟಿಯೊಳಗೆ ಬಟ್ಟೆಯ ಚೀಲ ಇರುತ್ತದೆ. ತುಂಬಿದ ಮೇಲೆ ಬಾಯಿ ಮಡಚಿ, ಮೇಲೆ ಹಲಗೆ ಇಟ್ಟು ತಿರುಪು ಇಳಿಸಬೇಕು.

ಒತ್ತುವ ಮೊದಲೇ ತನ್ನ ಭಾರಕ್ಕೆ ತಾನೇ ಸ್ವಲ್ಪ ರಸ ಇಳಿಯುತ್ತದೆ. ಅದನ್ನು ಮಕ್ಕಳು ಕಾಯುತ್ತಿರುತ್ತಾರೆ. ಆಮೇಲೆ ಅರ್ಧ ಸುತ್ತು, ನಿಲ್ಲಿಸು. ಧಾರೆ ಸಣ್ಣಗಾದ ಮೇಲೆ ಮತ್ತೆ ಅರ್ಧ ಸುತ್ತು. ಬಲ ಇದೆ ಅಂತ ಒಂದೇ ಸಲ ಬಿಗಿದರೆ ಬಟ್ಟೆ ಹರಿಯುತ್ತದೆ, ಇಲ್ಲ ತಿರುಳು ಪಕ್ಕದಿಂದ ಹೊರಗೆ ಬರುತ್ತದೆ. ಕೊನೆಗೆ ಬುಟ್ಟಿ ಎತ್ತಿದರೆ ಹಿಪ್ಪೆ ದುಂಡಗೆ ಗಟ್ಟಿಯಾಗಿ ನಿಂತಿರುತ್ತದೆ. ಕೈಯಲ್ಲಿ ಮುರಿದರೆ ಪುಡಿಯಾಗಬೇಕು. ಅದು ದನಗಳಿಗೆ ಹೋಯಿತು.

ಹನ್ನೆರಡು ಬುಷೆಲ್ ಹಣ್ಣು, ಅಂದರೆ ಸುಮಾರು 230 ಕಿಲೋ. ಮೂವತ್ತು ಗ್ಯಾಲನ್ ರಸ ಬಂತು, ಹತ್ತಿರ ಹತ್ತಿರ 113 ಲೀಟರ್. ಕೈ ಪ್ರೆಸ್ಸಿಗೆ ಇದು ಒಳ್ಳೆಯ ಲೆಕ್ಕ. ನಾಲ್ಕು ಮನೆಗೆ ಹಂಚಿಕೊಂಡೆವು. ಊರಲ್ಲಿ ಮುಯ್ಯಾಳು ಅನ್ನುತ್ತೇವಲ್ಲ, ಅದೇ ಇಲ್ಲೂ ನಡೆಯುತ್ತದೆ. ಮುಂದಿನ ತಿಂಗಳು ಅಜ್ಜನ ಸೌದೆ ಒಡೆಯಲು ನಾವು ಹೋಗುತ್ತೇವೆ.

ಮಾಡಿದವರು ಇದ್ದರೆ ನಿಮ್ಮ ಅನುಭವ ಬರೆಯಿರಿ.

ಜಯನಗರ_ನಾಲ್ಕನೇ_ಬ್ಲಾಕ್ | ಅಕ್ಟೋಬರ್ 14

ಓದುತ್ತಾ ಓದುತ್ತಾ ಬಾಯಲ್ಲಿ ನೀರು ಬಂತು. ಅಂಗಡಿಯಲ್ಲಿ ಡಬ್ಬದಲ್ಲಿ ಸಿಗುವ ಆಪಲ್ ಜ್ಯೂಸಿಗೂ ಇದಕ್ಕೂ ಏನು ವ್ಯತ್ಯಾಸ? ಮತ್ತೆ ನಮ್ಮಂಥವರು ಬೆಂಗಳೂರಿನಲ್ಲಿ ಮಿಕ್ಸಿ ಇಟ್ಟುಕೊಂಡು ಮಾಡಬಹುದಾ? ಪ್ರೆಸ್ ಎಲ್ಲಿಂದ ತರಲಿ?

ಆಲೆಮನೆ_ಇಥಾಕಾ | ಅಕ್ಟೋಬರ್ 14

ಮೇಡಂ, ಡಬ್ಬದ್ದು ತಿಳಿಯಾಗಿರುತ್ತದೆ. ಕಿಣ್ವ ಹಾಕಿ ಪೆಕ್ಟಿನ್ (ಹಣ್ಣಿನಲ್ಲಿರುವ, ಜೆಲ್ಲಿ ಗಟ್ಟಿಯಾಗಿಸುವ ಅಂಶ) ಒಡೆದು, ಸಣ್ಣ ಕಣವನ್ನೂ ಬಿಡದೆ ಸೋಸಿರುತ್ತಾರೆ. ಎಷ್ಟೋ ಸಲ ರಸವನ್ನು ಗಟ್ಟಿ ಪಾಕ ಮಾಡಿಟ್ಟು, ಬೇಕಾದಾಗ ನೀರು ಬೆರೆಸಿದ್ದಿರುತ್ತದೆ. ಸೈಡರ್ ಮಬ್ಬಾಗಿರುತ್ತದೆ, ಕಂದು ಬಣ್ಣ, ತಳದಲ್ಲಿ ಗಸಿ ಕೂರುತ್ತದೆ. ಆ ಕಂದು ಬಣ್ಣ ಮತ್ತು ಗಸಿಯಲ್ಲೇ ರುಚಿ ಇರೋದು. ಕುಡಿಯುವ ಮುಂಚೆ ಬಾಟಲಿ ಅಲ್ಲಾಡಿಸಬೇಕು.

ಮಿಕ್ಸಿಯಲ್ಲಿ ಖಂಡಿತ ಮಾಡಬಹುದು. ಒಂದು ಉಪಾಯ ಹೇಳುತ್ತೇನೆ. ಹಣ್ಣನ್ನು ತೊಳೆದು ಹೋಳು ಮಾಡಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಮಾರನೇ ದಿನ ಹೊರಗಿಟ್ಟು ಪೂರ್ತಿ ಕರಗಲು ಬಿಡಿ. ಒಳಗಿನ ನೀರು ಮಂಜುಗಡ್ಡೆಯಾಗುವಾಗ ತಿರುಳಿನ ಕೋಶಗಳನ್ನು ಒಡೆದುಹಾಕುತ್ತದೆ. ಕರಗಿದ ಮೇಲೆ ಹಣ್ಣು ಪಿಸಪಿಸ ಅನ್ನುತ್ತದೆ. ಮಿಕ್ಸಿಯಲ್ಲಿ ಒಂದೆರಡು ಸುತ್ತು ಸಾಕು, ನುಣ್ಣಗೆ ಮಾಡಬೇಡಿ. ಪೇಸ್ಟ್ ಆದರೆ ಬಟ್ಟೆಯಲ್ಲಿ ಇಳಿಯುವುದೇ ಇಲ್ಲ. ಹಳೇ ತೆಳು ಪಂಚೆಯಲ್ಲಿ ಕಟ್ಟಿ ಹಿಂಡಿ. ಐದು ಕಿಲೋಗೆ ಎರಡು, ಎರಡೂವರೆ ಲೀಟರ್ ಬರಬೇಕು.

ಒಂದೇ ಥರದ ಸಿಹಿ ಸೇಬು ತರಬೇಡಿ. ಮೂರು ಪಾಲು ಸಿಹಿಗೆ ಒಂದು ಪಾಲು ಹಸಿರು ಸೇಬು ಹಾಕಿ. ಮೇಲೆ ಮೇಣ ಹಚ್ಚಿರುತ್ತಾರೆ, ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ.

ಲ್ಯಾಬ್_ಮೇಷ್ಟ್ರು | ಅಕ್ಟೋಬರ್ 15

ಆಲೆಮನೆಯವರೇ, ತುಂಬ ಚೆನ್ನಾಗಿ ಬರೆದಿದ್ದೀರಿ. ಆದರೆ ಮುಖ್ಯವಾದ ಒಂದು ವಿಷಯ ಬಿಟ್ಟಿದ್ದೀರಿ. ನಾನು ಆಹಾರ ಪರೀಕ್ಷೆಯ ಕೆಲಸದಲ್ಲಿರುವವನು, ಸುಮ್ನೆ ಇರಲಾರೆ.

ಮರದಿಂದ ಕೆಳಗೆ ಬಿದ್ದ ಹಣ್ಣನ್ನು ಹಸಿ ರಸಕ್ಕೆ ಹಾಕಲೇಬಾರದು. ತೋಟದಲ್ಲಿ ಜಿಂಕೆ ಓಡಾಡುತ್ತವೆ, ದನ ಮೇಯುತ್ತವೆ. ಅವುಗಳ ಸಗಣಿಯಲ್ಲಿ ಇ. ಕೋಲಿ ಓ157 ಅನ್ನುವ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು. ಮೊದಲು ಎಲ್ಲರೂ ಏನೆಂದುಕೊಂಡಿದ್ದರು ಅಂದರೆ, ಸೇಬಿನ ರಸ ಹುಳಿ ಅಲ್ವಾ, ಅದರಲ್ಲಿ ರೋಗಾಣು ಬದುಕಲ್ಲ ಅಂತ. 1991ರಲ್ಲಿ ಮ್ಯಾಸಚೂಸೆಟ್ಸ್‌ನ ಆಗ್ನೇಯ ಭಾಗದಲ್ಲಿ ಹಸಿ ಸೈಡರ್ ಕುಡಿದ 23 ಜನ ಕಾಯಿಲೆ ಬಿದ್ದರು. ಆಮೇಲೆ ಪರೀಕ್ಷೆ ಮಾಡಿದಾಗ ಈ ಬ್ಯಾಕ್ಟೀರಿಯಾ ಆ ಹುಳಿಯಲ್ಲೂ ಫ್ರಿಜ್ಜಿನ ತಂಪಿನಲ್ಲಿ ವಾರಗಟ್ಟಲೆ ಬದುಕುತ್ತದೆ ಅಂತ ಗೊತ್ತಾಯಿತು. ಚಿಕ್ಕ ಮಕ್ಕಳಿಗೆ ಇದರಿಂದ ಮೂತ್ರಪಿಂಡವೇ ಕೆಡಬಹುದು.

ಪರಿಹಾರ ಕಷ್ಟದ್ದಲ್ಲ. ರಸವನ್ನು ಸ್ಟೀಲ್ ಪಾತ್ರೆಯಲ್ಲಿ 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ. ಥರ್ಮಾಮೀಟರ್ ಇಟ್ಟುಕೊಂಡೇ ಮಾಡಿ, ಕಣ್ಣಂದಾಜು ಬೇಡ. ಕುದಿಸುವ ಅಗತ್ಯ ಇಲ್ಲ. ಕುದಿಸಿದರೆ ಬೇಯಿಸಿದ ಸೇಬಿನ ರುಚಿ ಬರುತ್ತದೆ. ನೊರೆ ತೆಗೆದು, ಬೇಗ ತಣ್ಣಗೆ ಮಾಡಿ ಫ್ರಿಜ್ಜಿಗೆ. ಮಕ್ಕಳು, ವಯಸ್ಸಾದವರು, ಬಸುರಿಯರು ಹಸಿದನ್ನು ಕುಡಿಯಲೇಬಾರದು.

ಇನ್ನೊಂದು, ಕೊಳೆತ ಹಣ್ಣಿನಲ್ಲಿ ನೀಲಿ ಬೂಷ್ಟು ಬರುತ್ತದಲ್ಲ, ಅದು ಪಟುಲಿನ್ ಅನ್ನುವ ವಿಷ ಮಾಡುತ್ತದೆ. ಅದು ಕಾಯಿಸಿದರೂ ಹೋಗುವುದಿಲ್ಲ. ಕೊಳೆತ ಭಾಗ ಕತ್ತರಿಸಿ ಉಳಿದದ್ದು ಹಾಕೋಣ ಅನ್ನಬೇಡಿ, ಇಡೀ ಹಣ್ಣು ಬಿಸಾಡಿ. ಪೆಟ್ಟು ಬಿದ್ದು ಬರೀ ಕಂದಾಗಿದ್ದರೆ ಪರವಾಗಿಲ್ಲ. ನಿಮ್ಮ ಅಮ್ಮ ಕೂತು ಆರಿಸಿದರಲ್ಲ, ಆ ದಿನದ ದೊಡ್ಡ ಕೆಲಸ ಅದೇ.

ಆಲೆಮನೆ_ಇಥಾಕಾ | ಅಕ್ಟೋಬರ್ 15

ಮೇಷ್ಟ್ರೇ, ಹೇಳಿದ್ದು ಒಳ್ಳೆಯದಾಯಿತು. ನಮ್ಮದು ಎಲ್ಲವೂ ಮರದಿಂದ ಕಿತ್ತ ಹಣ್ಣು. ಬಿದ್ದದ್ದನ್ನು ಅಜ್ಜ ಹತ್ತಿರ ಸೇರಿಸುವುದಿಲ್ಲ. ಆದರೆ ಮಕ್ಕಳು ಪ್ರೆಸ್ಸಿನ ಬಾಯಿಗೇ ಲೋಟ ಹಿಡಿದು ಕುಡಿದದ್ದು ನಿಜ. ಮುಂದಿನ ವರ್ಷದಿಂದ ಪಕ್ಕದಲ್ಲೇ ಒಲೆ ಇಟ್ಟು ಮೊದಲ ಪಾತ್ರೆ ಕಾಯಿಸಿಯೇ ಅವರಿಗೆ ಕೊಡುತ್ತೇವೆ. ಮನೆಗೆ ತಂದದ್ದೆಲ್ಲ ಕಾಯಿಸಿಯೇ ಇಟ್ಟಿದ್ದೇನೆ. ಒಂದಷ್ಟು ಫ್ರೀಜರಿಗೂ ಹೋಗಿದೆ. ಫ್ರೀಜರಿಗೆ ಇಡುವವರು ಬಾಟಲಿ ಕಂಠದವರೆಗೆ ತುಂಬಬೇಡಿ, ಎರಡು ಇಂಚು ಬಿಡಿ. ಗಡ್ಡೆ ಕಟ್ಟಿದಾಗ ಉಬ್ಬುತ್ತದೆ.

ಹೆರಿಫರ್ಡ್_ಅಕ್ಕ | ಅಕ್ಟೋಬರ್ 16

ನಾನು ತೀರ್ಥಹಳ್ಳಿಯವಳು, ಈಗ ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ನಲ್ಲಿ. ಇದು ಸೈಡರಿನ ತವರು. ಇಲ್ಲಿನ ಕಥೆ ನಿಮ್ಮದಕ್ಕಿಂತ ಪೂರ್ತಿ ಬೇರೆ ತಮ್ಮಾ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಸೈಡರಿಗೆ ಅಂತಲೇ ಬೇರೆ ಸೇಬಿನ ಜಾತಿಗಳಿವೆ. ಕಿಂಗ್‌ಸ್ಟನ್ ಬ್ಲ್ಯಾಕ್, ಡ್ಯಾಬಿನೆಟ್, ಫಾಕ್ಸ್‌ವೆಲ್ಪ್, ಬ್ರೌನ್ ಸ್ನೌಟ್. ನೋಡಲು ಚೆಂದ, ಆದರೆ ತಿನ್ನಲು ಆಗುವುದಿಲ್ಲ. ನಾನು ಬಂದ ಹೊಸತರಲ್ಲಿ ತೋಟದ ಬೇಲಿಯಾಚೆ ಕೈ ಚಾಚಿ ಒಂದನ್ನು ಕಚ್ಚಿದೆ. ಎಳೇ ಗೇರುಹಣ್ಣು ಕಚ್ಚಿದ ಹಾಗೆ ನಾಲಿಗೆಯೆಲ್ಲ ಒಗರು ಹಿಡಿಯಿತು. ಆ ಒಗರೇ ಬೇಕಾದದ್ದು. ಹುದುಗಿದ ಮೇಲೆ ಸಿಹಿ ಪೂರ್ತಿ ಹೋಗಿಬಿಡುತ್ತದೆ. ಬಾಯಿ ತುಂಬುವ ರುಚಿ ಅಂತ ಉಳಿಯುವುದು ಈ ಒಗರು ಮತ್ತು ಹುಳಿ ಮಾತ್ರ. 1903ರಲ್ಲಿ ಬ್ರಿಸ್ಟಲ್ ಹತ್ತಿರದ ಲಾಂಗ್ ಆಷ್ಟನ್‌ನಲ್ಲಿ ಸೈಡರಿಗಾಗಿಯೇ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಯವರು ಸೇಬನ್ನು ಸಿಹಿ, ಹುಳಿ, ಒಗರು ಸಿಹಿ, ಒಗರು ಹುಳಿ ಅಂತ ನಾಲ್ಕು ಗುಂಪು ಮಾಡಿದರು. ಒಗರು ಕೊಡುವ ಅಂಶವಾದ ಟ್ಯಾನಿನ್ 0.2 ಪರ್ಸೆಂಟ್ ದಾಟಿದರೆ ಒಗರು, ಆಮ್ಲ 0.45 ದಾಟಿದರೆ ಹುಳಿ. ಈಗಲೂ ಇಲ್ಲಿನವರು ಇದೇ ಲೆಕ್ಕ ಹೇಳುತ್ತಾರೆ.

ಹಳೇ ಪದ್ಧತಿಯಲ್ಲಿ ಉದ್ದ ಕೋಲಿಂದ ಕೊಂಬೆ ಬಡಿದು ಹಣ್ಣು ಉದುರಿಸಿ, ತೋಟದಲ್ಲೇ ರಾಶಿ ಹಾಕಿ ಬಿಡುತ್ತಿದ್ದರು. ಅರೆಯಲು ದುಂಡನೆಯ ಕಲ್ಲಿನ ತೊಟ್ಟಿ, ಅದರಲ್ಲಿ ಉರುಳುವ ಕಲ್ಲಿನ ಗಾಲಿ, ಎಳೆಯಲು ಕುದುರೆ. ಎಷ್ಟೋ ಮನೆಯ ಅಂಗಳದಲ್ಲಿ ಆ ಕಲ್ಲು ಇನ್ನೂ ಇದೆ, ಹೂಗಿಡ ನೆಟ್ಟಿದ್ದಾರೆ. ಬಟ್ಟೆಯ ಬದಲು ಹುಲ್ಲು ಬಳಸುತ್ತಿದ್ದರು. ಒಂದು ಪದರ ಹುಲ್ಲು, ಒಂದು ಪದರ ಅರೆದ ಹಣ್ಣು, ಹುಲ್ಲಿನ ತುದಿ ಒಳಗೆ ಮಡಚಿ ಮತ್ತೆ ಒಂದು ಪದರ. ಹೀಗೆ ಕಟ್ಟುತ್ತಾ ಹೋಗುವುದು. ಆ ಅಟ್ಟಿಗೆ ಇಲ್ಲಿನವರು ಚೀಸ್ ಅನ್ನುತ್ತಾರೆ. ಸಾಮರ್‌ಸೆಟ್‌ನಲ್ಲಿ ಒಮ್ಮೆ ಕಣ್ಣಾರೆ ನೋಡಿದೆ. ಹುಲ್ಲಿನ ಎಳೆ ಎಳೆಯಿಂದ ರಸ ಜಿನುಗುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಆ ಕಾಲದಲ್ಲಿ ತೋಟದ ಕೂಲಿಯವರಿಗೆ ಕೂಲಿಯ ಒಂದು ಭಾಗವನ್ನು ಸೈಡರಿನಲ್ಲೇ ಕೊಡುತ್ತಿದ್ದರು. 1887ರ ಕಾಯ್ದೆ ಅದನ್ನು ನಿಲ್ಲಿಸಿತು. ಸೈಡರ್ ಚೆನ್ನಾಗಿದೆ ಅನ್ನುವಾಗ ಇದನ್ನೂ ನೆನೆಯಬೇಕು. ದುಡಿದವರ ಮನೆಗೆ ಹೋಗಬೇಕಾದ ದುಡ್ಡು ಅದು.

ಇನ್ನೊಂದು ಹೇಳದಿದ್ದರೆ ಮನಸ್ಸು ತಡೆಯಲ್ಲ. ಸಾಮರ್‌ಸೆಟ್‌ನ ಕಾರ್‌ಹ್ಯಾಂಪ್ಟನ್ ಊರಲ್ಲಿ ಜನವರಿ 17ಕ್ಕೆ ಜನ ರಾತ್ರಿ ತೋಟಕ್ಕೆ ಹೋಗುತ್ತಾರೆ. ಮರದ ಬುಡಕ್ಕೆ ಸೈಡರ್ ಸುರಿದು, ಕೊಂಬೆಯಲ್ಲಿ ಸುಟ್ಟ ಬ್ರೆಡ್ ತುಂಡು ಇಟ್ಟು, ಹಾಡಿ, ಬಂದೂಕು ಹಾರಿಸುತ್ತಾರೆ. ಮುಂದಿನ ವರ್ಷ ಚೆನ್ನಾಗಿ ಫಸಲು ಕೊಡಪ್ಪಾ ಅಂತ. ನಾನು ನೋಡುತ್ತಾ ನಿಂತವಳಿಗೆ ಭೂಮಿ ಹುಣ್ಣಿಮೆ ನೆನಪಾಯಿತು. ನಮ್ಮಪ್ಪ ಬೆಳಗಿನ ಜಾವ ಗದ್ದೆಗೆ ಚರಗ ಬೀರುತ್ತಿದ್ದರು.

ಶಿರಸಿ_ಮಾಣಿ | ಅಕ್ಟೋಬರ್ 16

ಅಣ್ಣ, ಆಲೆಮನೆ ಅಂದ ಮೇಲೆ ಕೊಪ್ಪರಿಗೆ ಬೇಡವಾ? ಆ ರಸವನ್ನು ಕಾಯಿಸಿ ಜೋನಿ ಬೆಲ್ಲದ ಥರ ಮಾಡಲು ಬರುವುದಿಲ್ಲವಾ?

ಆಲೆಮನೆ_ಇಥಾಕಾ | ಅಕ್ಟೋಬರ್ 17

ಮಾಣಿ, ನೀನು ಕೇಳಿದ್ದನ್ನೇ ಅಪ್ಪನೂ ಕೇಳಿದರು. ಇದೆ! ನ್ಯೂ ಇಂಗ್ಲೆಂಡ್ ಕಡೆ ಅದು ಹಳೇ ಕಾಲದಿಂದ ಇದೆ. ಬಾಯ್ಲ್ಡ್ ಸೈಡರ್ ಅನ್ನುತ್ತಾರೆ. ಸಕ್ಕರೆ ದುಬಾರಿಯಿದ್ದ ಕಾಲದಲ್ಲಿ ರೈತರ ಮನೆಯ ಸಿಹಿ ಇದೇ. ಏಳು ಪಾಲು ರಸ ಒಂದು ಪಾಲಿಗೆ ಇಳಿಯುವವರೆಗೆ ಕಾಯಿಸುವುದು. ಇನ್ನೂ ಮುಂದೆ, ಒಂಬತ್ತಕ್ಕೆ ಒಂದರವರೆಗೆ ಹೋದರೆ ಸೇಬಿನಲ್ಲೇ ಇರುವ ಪೆಕ್ಟಿನ್‌ನಿಂದ ಜೆಲ್ಲಿಯಾಗಿ ಗಟ್ಟಿ ನಿಲ್ಲುತ್ತದೆ. ಸಕ್ಕರೆ ಒಂದು ಚಮಚವೂ ಬೇಡ.

ಭಾನುವಾರ ಅಪ್ಪ ಏಳು ಲೀಟರ್ ಒಲೆಗಿಟ್ಟರು. ಸುಮಾರು ನಾಲ್ಕು ಗಂಟೆ ಹಿಡಿಯಿತು. ಕಬ್ಬಿನ ಹಾಲಿಗೆ ಸುಣ್ಣ ಹಾಕುತ್ತೇವಲ್ಲ, ಇದಕ್ಕೆ ಏನೂ ಹಾಕುವಂತಿಲ್ಲ. ಈ ಹುಳಿಯೇ ಇದರ ಗುಣ. ಮೊದಲ ಅರ್ಧ ಗಂಟೆ ಹಸಿರು ಕಂದು ನೊರೆ ಬರುತ್ತಲೇ ಇತ್ತು. ಅಪ್ಪ ಸೌಟಿನಲ್ಲಿ ತೆಗೆಯುತ್ತಲೇ ಇದ್ದರು. ಮೂರು ಗಂಟೆಯವರೆಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಒಮ್ಮೆಲೇ ಗುಳ್ಳೆಯ ಬಗೆ ಬದಲಾಗುತ್ತದೆ. ಸಣ್ಣ ಗುಳ್ಳೆ ಹೋಗಿ ದಪ್ಪ ಗುಳ್ಳೆ, ನಿಧಾನವಾಗಿ ಎದ್ದು ಫಳ್ ಅಂತ ಒಡೆಯುತ್ತದೆ. ಅಪ್ಪ ಥರ್ಮಾಮೀಟರ್ ನೋಡಲೇ ಇಲ್ಲ. ಆ ಸದ್ದು ಕೇಳಿ ಉರಿ ಸಣ್ಣ ಮಾಡಿಸಿದರು. ನಾನು ನೋಡಿದೆ, 104 ಡಿಗ್ರಿ ಇತ್ತು. ಅಲ್ಲಿಂದ ಕೈ ಬಿಡದೆ ಮಗುಚಬೇಕು, ಕ್ಷಣದಲ್ಲಿ ತಳ ಹಿಡಿಯುತ್ತದೆ.

ಬಣ್ಣ ಕಡು ಕೆಂಪು ಕಂದು. ರುಚಿ ಜೋನಿ ಬೆಲ್ಲಕ್ಕೆ ಹುಣಸೆಯ ಹುಳಿ ಬೆರೆಸಿದ ಹಾಗೆ. ಬೆಳಿಗ್ಗೆ ತೆಳ್ಳೇವಿನ ಮೇಲೆ ಹಾಕಿಕೊಂಡು ತಿಂದೆವು. ತುಪ್ಪ ಜೊತೆಗಿದ್ದರೆ ಇನ್ನೂ ಚೆನ್ನ.

ಪಾತ್ರೆ ಮಾತ್ರ ಸ್ಟೀಲಿನದೇ ಇರಲಿ. ಅಲ್ಯುಮಿನಿಯಂ, ಬರೀ ಕಬ್ಬಿಣ ಎರಡೂ ಬೇಡ. ಹುಳಿ ಮತ್ತು ಒಗರು ಕಬ್ಬಿಣಕ್ಕೆ ತಾಗಿದರೆ ರಸ ಕಪ್ಪಾಗುತ್ತದೆ, ಲೋಹದ ರುಚಿ ಬರುತ್ತದೆ. ಅಜ್ಜ ಅರೆಯುವ ಹಲ್ಲುಗಳ ತುಕ್ಕು ಉಜ್ಜಿ ಆಹಾರಕ್ಕೆ ಆಗುವ ಬಣ್ಣ ಬಳಿಯುವುದು ಅದಕ್ಕೇ. ಹಳೇ ಪ್ರೆಸ್ ಕೊಳ್ಳುವವರು ಇದನ್ನು ನೋಡಿಕೊಳ್ಳಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಪೂರ್ತಿ ಕೆರೆದು ತೆಗೆಸಬೇಕು.

ಹೆರಿಫರ್ಡ್_ಅಕ್ಕ | ಅಕ್ಟೋಬರ್ 17

ಸೀಸ ಅಂದಿರಲ್ಲ, ಅದಕ್ಕೆ ಇಲ್ಲಿ ಒಂದು ದೊಡ್ಡ ಚರಿತ್ರೆಯೇ ಇದೆ. ಡೆವನ್ ಪ್ರಾಂತ್ಯದಲ್ಲಿ ನೂರು ವರ್ಷಕ್ಕೂ ಮೇಲೆ ಸೈಡರ್ ಕುಡಿದವರಿಗೆ ತಡೆಯಲಾರದ ಹೊಟ್ಟೆನೋವು, ಕೈಕಾಲು ಸೋಲುವುದು ಆಗುತ್ತಿತ್ತು. ಸೇಬಿನ ಹುಳಿಯೇ ಕಾರಣ ಅಂತ ಜನ ನಂಬಿದ್ದರು. 1767ರಲ್ಲಿ ಜಾರ್ಜ್ ಬೇಕರ್ ಅನ್ನುವ ವೈದ್ಯರು ಪ್ರೆಸ್ಸಿನಲ್ಲಿ ಬಳಸಿದ ಸೀಸದಿಂದಲೇ ಇದು ಅಂತ ತೋರಿಸಿದರು. ಅವರೂ ಡೆವನ್‌ನಲ್ಲೇ ಹುಟ್ಟಿದವರು. ಊರಿನ ಪಾನೀಯದ ಮೇಲೆ ಮಾತಾಡಿದ್ದಕ್ಕೆ ಬೈಗುಳ ತಿಂದರು. ಆದರೆ ಸೀಸ ತೆಗೆದ ಮೇಲೆ ಕಾಯಿಲೆ ಇಳಿಯುತ್ತಾ ಹೋಯಿತು.

ಮಿಷಿಗನ್_ಮನೆ | ಅಕ್ಟೋಬರ್ 18

ನಮಗೆ ಹೋದ ವರ್ಷ ಆದ ಅನಾಹುತ ಹೇಳುತ್ತೇನೆ. ತೋಟದಿಂದ ತಂದ ಹಸಿ ಸೈಡರ್ ಐದು ಗ್ಯಾಲನ್ ಇತ್ತು. ಹುದುಗಲಿ ಅಂತ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿದು ಗರಾಜಿನಲ್ಲಿಟ್ಟೆವು. ಒಂಬತ್ತನೇ ದಿನ ರಾತ್ರಿ ಢಂ ಅಂತ ಸದ್ದು. ಕ್ಯಾನ್ ಒಡೆದು ಗೋಡೆಯೆಲ್ಲ ರಸ. ಗಾಜಿನ ಪಾತ್ರೆಯಾಗಿದ್ದರೆ, ಹತ್ತಿರ ಯಾರಾದರೂ ಇದ್ದಿದ್ದರೆ ಅಂತ ನೆನೆದರೆ ಈಗಲೂ ಭಯವಾಗುತ್ತದೆ. ಮತ್ತೆ ಮಾಡಬೇಕು ಅಂತ ಆಸೆ ಇದೆ. ಸರಿಯಾದ ದಾರಿ ಹೇಳುತ್ತೀರಾ?

ಹೆರಿಫರ್ಡ್_ಅಕ್ಕ | ಅಕ್ಟೋಬರ್ 18

ಅಯ್ಯೋ, ಯಾರಿಗೂ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು. ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲೇಬೇಕು. ಏರ್‌ಲಾಕ್ ಅಂತ ಸಿಗುತ್ತದೆ. ಸಣ್ಣ ಕೊಳವೆ, ಒಳಗೆ ಸ್ವಲ್ಪ ನೀರು. ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಮೊದಲ ವಾರ ನೊರೆ ಉಕ್ಕುತ್ತದೆ, ಹಾಗಾಗಿ ಪಾತ್ರೆಯಲ್ಲಿ ಜಾಗ ಬಿಡಿ. ಆಮೇಲೆ ಕಂಠದವರೆಗೆ ತುಂಬಿ, ಇಲ್ಲದಿದ್ದರೆ ಗಾಳಿ ತಾಗಿ ವಿನೆಗರ್ ಕಡೆಗೆ ತಿರುಗುತ್ತದೆ.

ಹಳೇ ಪದ್ಧತಿಯವರು ಯೀಸ್ಟ್ ಹಾಕುವುದೇ ಇಲ್ಲ. ಹಣ್ಣಿನ ಮೇಲೆ, ಪ್ರೆಸ್ಸಿನ ಮರದ ಮೇಲೆ ಇರುವ ಯೀಸ್ಟೇ ಕೆಲಸ ಮಾಡುತ್ತದೆ. ಹೊಸಬರಿಗೆ ನಾನು ಹೇಳುವುದು, ಪ್ಯಾಕೆಟ್ ಯೀಸ್ಟಿನಿಂದ ಶುರು ಮಾಡಿ. ಮತ್ತೆ ತಂಪಾದ ಜಾಗ, 10 ರಿಂದ 15 ಡಿಗ್ರಿ. ನಿಧಾನವಾದಷ್ಟೂ ಘಮ ಉಳಿಯುತ್ತದೆ. ಹೈಡ್ರೋಮೀಟರ್ ತೆಗೆದುಕೊಳ್ಳಿ, ರಸ ನೀರಿಗಿಂತ ಎಷ್ಟು ಸಾಂದ್ರ ಅಂತ ಅಳೆದು ಉಳಿದ ಸಿಹಿಯ ಅಂದಾಜು ಕೊಡುತ್ತದೆ. ಶುರುವಿನಲ್ಲಿ 1.050 ಹತ್ತಿರ ತೋರಿಸುತ್ತದೆ. 1.000ಕ್ಕೆ ಇಳಿದು, ಎರಡು ವಾರ ಅಲ್ಲೇ ನಿಂತ ಮೇಲೆಯೇ ಬಾಟಲಿಗೆ ಹಾಕುವುದು. ಆಗ ಆಲ್ಕೋಹಾಲ್ ಆರು, ಆರೂವರೆ ಪರ್ಸೆಂಟ್ ಇರುತ್ತದೆ. ಸಿಹಿ ಉಳಿದಿರುವಾಗ ಬಾಟಲಿಗೆ ಹಾಕಿ ಬಿಗಿದರೆ ನಿಮ್ಮ ಕ್ಯಾನಿಗೆ ಆದದ್ದೇ ಬಾಟಲಿಗೂ ಆಗುತ್ತದೆ.

ಲ್ಯಾಬ್_ಮೇಷ್ಟ್ರು | ಅಕ್ಟೋಬರ್ 18

ಕಾನೂನಿನ ಮಾತು ಒಂದು ಸಾಲು. ಅಮೆರಿಕದಲ್ಲಿ ವಯಸ್ಕರು ಮನೆ ಬಳಕೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಜಯನಗರದ ಮೇಡಂ, ನೀವು ರಸ ಮಾತ್ರ ಮಾಡಿ.

ಚರಿತ್ರೆ_ಓದುಗ | ಅಕ್ಟೋಬರ್ 19

ಅಮೆರಿಕದಲ್ಲಿ ಸೈಡರ್ ಅನ್ನುವ ಪದ ರಸಕ್ಕೆ ಹೇಗೆ ನಿಂತಿತು ಅಂತ ಯಾರೂ ಹೇಳಲಿಲ್ಲ. ಮೊದಲು ಇಲ್ಲೂ ಸೈಡರ್ ಅಂದರೆ ಮದ್ಯವೇ. ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಬೆಳಿಗ್ಗೆ ಎದ್ದು ಒಂದು ಪಾತ್ರೆ ಸೈಡರ್ ಕುಡಿಯುತ್ತಿದ್ದರು. 1840ರ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಪಕ್ಷದವರು ಮರದ ಗುಡಿಸಲು ಮತ್ತು ಹಾರ್ಡ್ ಸೈಡರನ್ನೇ ಗುರುತು ಮಾಡಿಕೊಂಡು ಗೆದ್ದರು. ನಾನು ಜನಸಾಮಾನ್ಯರ ಮನುಷ್ಯ ಅಂತ ತೋರಿಸಲು. ಆಮೇಲೆ ಮದ್ಯಪಾನ ವಿರೋಧಿ ಚಳವಳಿ ಬಂತು, ಬಿಯರ್ ಬಂತು, ಕೊನೆಗೆ 1920ರಿಂದ 1933ರವರೆಗೆ ದೇಶಪೂರ್ತಿ ಪಾನನಿಷೇಧ. ಹಳೇ ಸೈಡರ್ ಹೋಯಿತು, ಹೆಸರು ರಸಕ್ಕೆ ಉಳಿಯಿತು.

ಜಾನಿ ಆಪಲ್‌ಸೀಡ್ ಅಂತ ಮಕ್ಕಳ ಕಥೆಯಲ್ಲಿ ಬರುವವರು ನಿಜವಾದ ಮನುಷ್ಯ. ಹೆಸರು ಜಾನ್ ಚಾಪ್‌ಮನ್, ಹುಟ್ಟಿದ್ದು 1774ರಲ್ಲಿ. ಸೈಡರ್ ಗಾಣಗಳ ಹಿಪ್ಪೆಯಿಂದ ಬೀಜ ಆರಿಸಿ ತಂದು ಒಹಾಯೋ ಕಡೆ ನರ್ಸರಿ ಹಾಕಿದರು. ಸೇಬಿನ ಬೀಜ ಬಿತ್ತಿದರೆ ತಾಯಿಮರದ ಹಣ್ಣು ಬರುವುದಿಲ್ಲ, ಕಸಿ ಮಾಡಿದರೆ ಮಾತ್ರ ಬರುತ್ತದೆ. ಬೀಜದ ಗಿಡದಲ್ಲಿ ಹೆಚ್ಚಾಗಿ ಹುಳಿ, ಒಗರು ಹಣ್ಣು. ತಿನ್ನಲು ಆಗದ ಆ ಹಣ್ಣು ಸೈಡರಿಗೆ ಸರಿಹೋಗುತ್ತಿತ್ತು.

ಅಜ್ಜಿ_ಅಡುಗೆ | ಅಕ್ಟೋಬರ್ 20

ಮಕ್ಕಳೇ, ನನಗೆ ವಿನೆಗರ್ ಬಗ್ಗೆ ಹೇಳಿ. ಮಗಳ ಮನೆಗೆ ನ್ಯೂಜೆರ್ಸಿಗೆ ಬಂದಿದ್ದೇನೆ. ಇಲ್ಲಿ ಸೈಡರ್ ಜಾಸ್ತಿ ಮಿಕ್ಕಿದೆ. ಉಪ್ಪಿನಕಾಯಿಗೆ ಆಗುತ್ತದಾ?

ಲ್ಯಾಬ್_ಮೇಷ್ಟ್ರು | ಅಕ್ಟೋಬರ್ 20

ಅಮ್ಮಾ, ಎರಡು ಹಂತ. ಮೊದಲು ಏರ್‌ಲಾಕ್ ಹಾಕಿ ಪೂರ್ತಿ ಹುದುಗಿಸಬೇಕು. ಆಮೇಲೆ ಅಗಲ ಬಾಯಿಯ ಗಾಜಿನ ಜಾಡಿಗೆ ಸುರಿದು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಕತ್ತಲೆ ಇರುವ ಬೆಚ್ಚಗಿನ ಮೂಲೆಯಲ್ಲಿಡಿ. ಈಗ ಗಾಳಿ ಬೇಕು. ಹಳೇ ವಿನೆಗರಿನ ತಾಯಿ ಪೊರೆ ಸ್ವಲ್ಪ ಸಿಕ್ಕರೆ ಹೆಪ್ಪಿನ ಹಾಗೆ ಹಾಕಿ. ಎರಡು ಮೂರು ತಿಂಗಳು ಹಿಡಿಯುತ್ತದೆ. ಸಾರು, ಕೋಸಂಬರಿಗೆ ಧಾರಾಳವಾಗಿ ಬಳಸಿ. ಆದರೆ ಇಟ್ಟು ತಿನ್ನುವ ಉಪ್ಪಿನಕಾಯಿಗೆ ಬೇಡ. ಅದಕ್ಕೆ ಆಮ್ಲ 5 ಪರ್ಸೆಂಟ್ ಇರಲೇಬೇಕು, ಮನೆಯದರಲ್ಲಿ ಎಷ್ಟಿದೆ ಅಂತ ಅಳೆಯದೆ ಗೊತ್ತಾಗಲ್ಲ.

ಶಿಮ್ಲಾದಿಂದ | ಅಕ್ಟೋಬರ್ 21

ನಾನು ಕೆಲಸದ ಮೇಲೆ ಹಿಮಾಚಲದಲ್ಲಿದ್ದೇನೆ. ಬೆಂಗಳೂರಿಗೆ ಬರುವ ಎಷ್ಟೋ ಸೇಬು ಇಲ್ಲಿಯದೇ. ಫಿಲಡೆಲ್ಫಿಯಾದಿಂದ ಬಂದು ಇಲ್ಲೇ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಕೋಟ್‌ಗಢದಲ್ಲಿ ಅಮೆರಿಕದ ಡೆಲಿಷಿಯಸ್ ಜಾತಿ ನೆಟ್ಟರು. ಅಲ್ಲಿಂದ ಬೆಟ್ಟವೆಲ್ಲ ಅದೇ ಹಬ್ಬಿತು. ತಿನ್ನಲು ಒಳ್ಳೆಯ ಹಣ್ಣು, ಹುಳಿ ಕಡಿಮೆ. ಇಥಾಕಾದವರು ಹೇಳಿದ ಹಾಗೆ ರಸಕ್ಕೆ ಅದೊಂದೇ ಸಾಲದು. ಇಲ್ಲಿ ಹಳೇ ತೋಟಗಳಲ್ಲಿ ಪರಾಗಕ್ಕೆ ಅಂತ ನೆಟ್ಟ ಗೋಲ್ಡನ್ ಡೆಲಿಷಿಯಸ್ ಮರ ನಡುನಡುವೆ ಇರುತ್ತವೆ. ಕೆಂಪು ಮತ್ತು ಗೋಲ್ಡನ್ ಎರಡನ್ನೂ ಸೇರಿಸಿ, ನಿಂಬೆ ರಸ ಬಿಟ್ಟುಕೊಂಡು ಕುಡಿಯುತ್ತೇವೆ.

ಜಯನಗರ_ನಾಲ್ಕನೇ_ಬ್ಲಾಕ್ | ಅಕ್ಟೋಬರ್ 27

ಮಾಡಿದೆ! ನಾಲ್ಕು ಕಿಲೋ ಕೆಂಪು ಸೇಬು, ಒಂದು ಕಿಲೋ ಹಸಿರು. ಫ್ರೀಜರಿನಲ್ಲಿ ಜಾಗ ಸಾಲದೆ ಎರಡು ಸಲ ಇಟ್ಟೆ. ನಮ್ಮ ಮಾವನವರ ಪಂಚೆ ತುಂಡಿನಲ್ಲಿ ಕಟ್ಟಿ, ನಾನೊಂದು ತುದಿ ನನ್ನ ಮಗನೊಂದು ತುದಿ ಹಿಡಿದು ತಿರುಚಿದೆವು. ಎರಡು ಲೀಟರಿಗೆ ಸ್ವಲ್ಪ ಮೇಲೆ ಬಂತು. ಮೇಷ್ಟ್ರು ಹೇಳಿದ ಹಾಗೆ 71 ಡಿಗ್ರಿಗೆ ಕಾಯಿಸಿದೆ. ಅರ್ಧಕ್ಕೆ ಚಕ್ಕೆ, ಎರಡು ಲವಂಗ ಹಾಕಿ ಬಿಸಿಬಿಸಿಯಾಗಿ ಕೊಟ್ಟೆ. ಮಾವನವರು ಎರಡನೇ ಲೋಟ ಕೇಳಿ ಇಸಿದುಕೊಂಡರು.

ಒಂದೇ ಅನುಮಾನ. ರಸ ಸಿಹಿ ಇದೆ, ಘಮ ಇದೆ, ಆದರೆ ಕೊನೆಗೆ ನಾಲಿಗೆ ಮೇಲೆ ಏನೋ ಕಡಿಮೆ ಅನ್ನಿಸಿತು. ಹಸಿರು ಸೇಬು ಇನ್ನೂ ಹಾಕಬೇಕಿತ್ತಾ?

ಆಲೆಮನೆ_ಇಥಾಕಾ | ಅಕ್ಟೋಬರ್ 27

ಮೇಡಂ, ತುಂಬ ಖುಷಿಯಾಯಿತು. ಅಪ್ಪನಿಗೆ ಓದಿ ಹೇಳಿದೆ. ನೀವು ಮೂರಕ್ಕೆ ಒಂದರ ಬದಲು ನಾಲ್ಕಕ್ಕೆ ಒಂದು ಹಾಕಿದ್ದೀರಿ, ಹುಳಿ ಸ್ವಲ್ಪ ಕಡಿಮೆಯೇ ಆಯಿತು. ಆದರೆ ನೀವು ಹೇಳುತ್ತಿರುವುದು ಹುಳಿಯಲ್ಲ ಅನ್ನಿಸುತ್ತದೆ. ಅಕ್ಕ ಹೇಳಿದರಲ್ಲ, ಆ ಒಗರು. ಅಂಗಡಿ ಸೇಬಿನಲ್ಲಿ ಅದು ಇರುವುದೇ ಇಲ್ಲ. ಅಪ್ಪ ಒಂದು ದಾರಿ ಹೇಳಿದರು. ಬರುವ ಬೇಸಿಗೆಯಲ್ಲಿ ಮಂಗಳೂರಿನ ಕಡೆಯಿಂದ ಗೇರುಹಣ್ಣು ತರಿಸಿ, ಹಿಂಡಿ, ಐದು ಲೀಟರ್ ಸೇಬಿನ ರಸಕ್ಕೆ ಕಾಲು ಲೀಟರ್ ಸೇರಿಸಿ ನೋಡಿ ಅಂತ. ನಾನು ಮಾಡಿ ನೋಡಿದ್ದಲ್ಲ. ಮಾಡಿದರೆ ಹೇಗಿತ್ತು ಅಂತ ಇಲ್ಲೇ ಬರೆಯಿರಿ, ಅಪ್ಪ ಕಾಯುತ್ತಿರುತ್ತಾರೆ.